ಕಾಳಿಜ

ಬಾಂಬೋಳಿ ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ
ಮೂರು ತಾಸಿನಿಂದ ಅವ್ವ ಉಪವಾಸ.
ಗುಟುಕು ನೀರು ನಡೆಯುತ್ತದಂತೆ ಅಂದರೂ ಒಲ್ಲಳು.
'ಉಪಾಸ ಅಂದ್ರ ಉಪಾಸ. ನಿಮ್ಮಂಗ
ಅರ್ಧಕ್ಕ ಬಿಡೂ ವ್ರತ ಅಲ್ಲ ನಂದು.'
ಮಡಿಲಲ್ಲಿ ಫೈಲು. ಫೈಲಿನ ಮೇಲೆ
ಫಕೀರವ್ವ ಮಾಳಗಿ, ಐವತ್ತೇಳು, ವಾಸ್ಕೊ.

ಮೊದಲ ಕೋಣೆಯ ಎಳೆಯ ಡಾಕ್ಟರು
ತಲೆ ಎತ್ತದೆ ಕೇಳಿದ್ದ:
ಎಷ್ಟು ವರ್ಷದಿಂದ ಕುಡಿಯುತ್ತಾಳೆ?
ಆ ಹಿಂದಿಯನ್ನು ಕನ್ನಡಕ್ಕೆ ತರಲು
ನನಗೆ ನಾಲಿಗೆ ಏಳಲಿಲ್ಲ.
ಬೇಕಾಗಲೂ ಇಲ್ಲ. ಆ ಪ್ರಶ್ನೆ
ಅವ್ವನಿಗೆ ಯಾವ ಭಾಷೆಯಲ್ಲೂ ತಿಳಿಯುತ್ತದೆ.

ಇಪ್ಪತ್ತಾರು ವರ್ಷ
ಮಿಂಗೆಲ್ ಬಾಬನ ಬಾರಿನ ಹಿಂಬಾಗಿಲಲ್ಲಿ
ಗ್ಲಾಸು ತೊಳೆದವಳು.
ಬೇಸಿಗೆಯಲ್ಲಿ ಉರಾಕು, ವರ್ಷವಿಡೀ ಫೆನ್ನಿ,
ಯಾವ ಗ್ಲಾಸಲ್ಲಿ ಏನಿತ್ತೆಂದು ಮೂಗಿನಿಂದಲೇ ಹೇಳುತ್ತಾಳೆ.
ಅಪ್ಪ ಅದರಲ್ಲೇ ಮುಳುಗಿ ಹೋದ ವರ್ಷವೂ
ಮಣ್ಣು ಮಾಡಿ ಹನ್ನೊಂದನೇ ದಿನಕ್ಕೆ
ಅದೇ ನಲ್ಲಿಯ ಮುಂದೆ ಕೂತಳು.
ಒಂದು ಹನಿ ನಾಲಿಗೆಗೆ ಮುಟ್ಟಿಸಿಲ್ಲ.
'ಬರಕೋರಿ ಸಾಹೇಬ್ರ, ಸೊನ್ನಿ' ಅಂದಳು.
ಪೆನ್ನು ಸ್ವಲ್ಪ ತಡೆದು
ಬರೆದುಕೊಂಡ.

ಹಾಗಾದರೆ ಇಷ್ಟು ಕೊಬ್ಬು ಎಲ್ಲಿಂದ ಬಂತು?
ಮೇಜಿನ ಮೇಲೆ ಉಳಿದ ಫ್ರೈಸು,
ಯಾರೋ ಅರ್ಧ ಬಿಟ್ಟುಹೋದ ಕೋಲ್ಡ್ರಿಂಕು,
ರಾತ್ರಿ ಒಂದಕ್ಕೆ ಪಾವು, ನಾಲ್ಕು ಚಮಚ ಸಕ್ಕರೆಯ ಚಾ.
ಚೆಲ್ಲಿದರೆ ಅನ್ನದೇವರು ಮುನಿಯುತ್ತಾನೆಂದು
ಊರವರು ಬಿಟ್ಟದ್ದನ್ನೆಲ್ಲ ಉಂಡಳು,
ಕಟ್ಟಿಕೊಂಡೂ ಬಂದಳು.
ನಾವೂ ಉಂಡೆವು.

ರಕ್ತ ಕೊಟ್ಟಾಗಿದೆ. ವಯಸ್ಸು, ಎರಡು ಕಿಣ್ವ, ಪ್ಲೇಟ್ಲೆಟ್ಟು
ಗುಣಿಸಿ ಭಾಗಿಸಿ ಒಂದು ಅಂಕೆ ಬಂತು.
ಹೌದೂ ಅನ್ನದ, ಅಲ್ಲವೂ ಅನ್ನದ ನಡುವಿನ ಅಂಕೆ.
ಅದಕ್ಕೇ ಈ ಬೆಂಚು.
ಮುಂಚೆಯಾಗಿದ್ದರೆ ಪಕ್ಕೆಗೆ ಸೂಜಿ ಇಳಿಸಿ
ಚೂರು ಕೀಳುತ್ತಿದ್ದರಂತೆ. ಈಗ
ಹೊರಗಿನಿಂದಲೇ ಬಡಿದು ನೋಡುತ್ತಾರೆ.

ಒಳಗೆ ಶೆವಂತಿ ಸಿಸ್ಟರು. ಇಸಿಜಿ ಚೀಟಿ ತಿರುವಿ
'ಕಾಳಿಜ್ ಬರೆಂ ಆಸಾ, ಭಿಯೆನಾಕಾ' ಅಂದಳು.
ಅವ್ವ ಎದ್ದೇ ಬಿಟ್ಟಳು.
'ಕಾಳಿಜ ಚಲೋ ಐತಂತ. ನಡಿ, ಹೋಗೂಣು.'
ಹೇಗೆ ಹೇಳಲಿ?
ಇವರ ಕಾಳಿಜ್ ಎಂದರೆ ಹೃದಯ.
ನಮ್ಮ ಕಾಳಿಜ, ಕುರಿ ಕೊಯ್ದ ದಿನ
ಎಲ್ಲಕ್ಕಿಂತ ಮೊದಲು ಒಲೆಗೆ ಹೋಗುತ್ತಿದ್ದ ಆ ಕಂದು ಮೆತ್ತನೆಯದು,
ಬಲಗಡೆ, ಮಿಡಿಯದೆ, ಸದ್ದಿಲ್ಲದೆ ಕೂತಿದೆ.
ಎರಡರ ನಡುವೆ ಎಲ್ಲಿಂದಲೋ
ಕಾಳಜಿ ಎಂಬ ಮಾತು ನಮ್ಮ ಮನೆ ಸೇರಿತು,
ಯಾರ ಯಾವ ಅಂಗದಿಂದ ಹೊರಟಿತ್ತೋ.

ಕರುಳು ಚುರ್ ಅನ್ನುತ್ತದೆ ನಮ್ಮಲ್ಲಿ.
ಹೊಟ್ಟೆ ಉರಿಯುತ್ತದೆ, ಗುಂಡಿಗೆ ಗಟ್ಟಿ ಇರುತ್ತದೆ.
ಇದಕ್ಕೊಂದು ಗಾದೆ ಇಲ್ಲ.
ಹಿಂಬಾಗಿಲಲ್ಲಿ ತೊಳೆಯುತ್ತ ಕೂತದ್ದಕ್ಕೆ
ಗಾದೆ ಯಾರು ಕಟ್ಟುತ್ತಾರೆ.

ಬಲಗೈ ತಲೆಯ ಮೇಲೆ. ಅಲುಗಬೇಡ.
ತಣ್ಣನೆಯ ಜೆಲ್ಲು. ಎರಡು ಎಲುಬಿನ ಸಂದಿಯಲ್ಲಿ
ಟಕ್.
ಮೆತ್ತಗಿದ್ದರೆ ಅಲೆ ನಿಧಾನ ಹೋಗುತ್ತದಂತೆ,
ಬಿಗಿತಿದ್ದರೆ ಓಡುತ್ತದಂತೆ.
ಟಕ್.
'ಗಡಿಗಿ ಬಾರಿಸಿದಂಗ ಬಾರಿಸ್ತಾಳಲ್ಲ.
ಸಂತ್ಯಾಗ ನಾನೂ ಹಿಂಗ ನೋಡತಿದ್ನಿ.
ಸೀಳಿದ್ರ ದನಿ ಸುಳ್ಳು ಹೇಳಂಗಿಲ್ಲ.'
ನಗಬೇಡ ಅಂದಳು ಶೆವಂತಿ, ಒಂದು ಅಳತೆ ಕೆಟ್ಟಿತ್ತು.
ಹತ್ತು ಸರಿಯಾದವು ಬೇಕು.
ಟಕ್. ಟಕ್.

ಒಂಬತ್ತೂ ಪಾಯಿಂಟು ನಾಲ್ಕು.
ಕಲೆ ಬೀಳುತ್ತಿದೆ, ಕಲ್ಲಾಗಿಲ್ಲ,
ಹಿಂದಕ್ಕೂ ಸರಿಯಬಹುದು ಅಂದ ಡಾಕ್ಟರು,
ಈ ಸಲ ತಲೆ ಎತ್ತಿ. ಸಕ್ಕರೆ ಬಿಡಿ. ತೂಕ ಇಳಿಸಿ.
ಆರು ತಿಂಗಳಿಗೆ ಮತ್ತೆ ಬನ್ನಿ.
ಕಲೆ ಅನ್ನುವುದನ್ನು ನಾನು ಹೇಳಿದ್ದಷ್ಟೇ,
ಅವ್ವ ಅವನನ್ನು ನೋಡಿದಳು, ಎಳೆಗೂಸನ್ನು ನೋಡುವ ಹಾಗೆ:
'ಕಲಿ ತೆಗ್ಯೂದು ನನಗ ಕಲಿಸ್ತಾನೇನು ಇವ?'

ವಾಸ್ಕೊ ಬಸ್ಸು. ಜುವಾರಿ ಸೇತುವೆ.
ಕೆಳಗೆ ಅದಿರಿನ ಬಾರ್ಜು, ತುಂಬಿ, ನೀರಿಗೆ ಅಂಚು ತಾಗಿಸಿಕೊಂಡು.
'ಉಸುರ ಹಿಡಿ' ಅಂದಳು ಇದ್ದಕ್ಕಿದ್ದಂತೆ,
ಬೆರಳ ಗೆಣ್ಣಿನಿಂದ ನನ್ನ ಬಲಪಕ್ಕೆಗೆ ಟಕ್.
ಮೂವತ್ತೆರಡು ನನಗೆ. ಅವೇ ಫ್ರೈಸು ತಿಂದು ಬೆಳೆದವಳು.
ಕಿವಿ ಹತ್ತಿರ ತಂದಳು.
ಬಸ್ಸಿನ ಸದ್ದು ಬಹಳ.
ಇನ್ನೊಮ್ಮೆ ಬಡಿದಳು.