ಹಿಟ್ಟು ಬಂದರೆ

ಹಿಟ್ಟು ಬಂದರೆ ನಿಲ್ಲಿಸು, ಅಂತಾನೆ ಇನಾಸ.
ಮೊಂಡು ಚೈನು ಮರ ಕೊಯ್ಯುವುದಿಲ್ಲ,
ಅರೆಯುತ್ತದೆ.
ಸಿಪ್ಪೆ ಬೀಳಬೇಕು, ದಪ್ಪ ಅವಲಕ್ಕಿಯ ಹಾಗೆ.

ಮಾಜಾಳಿ ದಂಡೆಯ ಗಾಳಿಮರ
ತೊಗಟೆಯ ಸಂದಿಯಲ್ಲಿ ವರ್ಷಗಟ್ಟಲೆ
ಮರಳು ಕೂಡಿಟ್ಟಿದೆ.
ಎರಡೇ ಕೊಯ್ತಕ್ಕೆ ನನ್ನ ಮಷಿನ್ನು ಹೊಗೆ.
ಮೊದಲು ಕತ್ತಿಯಲ್ಲಿ ತೊಗಟೆ ಕೆತ್ತಬೇಕು,
ಯಾರೂ ಹೇಳಲಿಲ್ವಾ?
ಇಲ್ಲ.

ಮರ ಇನ್ನೂ ತಂತಿಗೆ ಒರಗಿದೆ.
ಲೈನ್‌ಮನ್ ಪುರಸು
ಫ್ಯೂಜು ಕಿತ್ತು ಜೇಬಿನಲ್ಲಿಟ್ಟುಕೊಂಡಿದ್ದಾನೆ,
ಆಗಾಗ ಮುಟ್ಟಿ ನೋಡಿಕೊಳ್ಳುತ್ತಾನೆ.

ಇನಾಸ ಮರಳಲ್ಲಿ ಕೂತು
ದುಂಡು ಅರ ಹಿಡಿಯುತ್ತಾನೆ.
ಮುಂದಕ್ಕೆ ಮಾತ್ರ ಉಜ್ಜು, ಹಿಂದಕ್ಕೆ ಎತ್ತಿ ತಾ.
ಹಲ್ಲಿಗೆ ಮೂರು. ಎಲ್ಲಕ್ಕೂ ಮೂರೇ.
ಒಂದು ಬದಿಗೆ ಪ್ರೀತಿ ಹೆಚ್ಚಾದರೆ
ಕೊಯ್ತ ಓರೆ ಹೋಗುತ್ತೆ.

ಮೋಂತಿಬಾಯಿ ಬುಟ್ಟಿ ಹಿಡಿದು ಬಂದಳು,
ಇವತ್ತೇ ಹಂಡೆಗೆ ಹಾಕಲಾ?
ಹಸಿ ಸೌದೆ ನಿಮ್ಮ ನೀರು ಕಾಸಲ್ಲ ಬಾಯಿ,
ಮೊದಲು ತನ್ನದೇ ನೀರು ಕಾಸಿಕೊಳ್ತದೆ.
ಸೀಳಿ, ಗಾಳಿಗಿಡಿ. ಮುಂದಿನ ಚಳಿಗೆ ನೋಡುವಾ.

ಅವಳು ಆದರೂ ನಾಲ್ಕು ತುಂಡು ಒಯ್ದಳು.

ಏಳು ಗಂಟೆಗೆ ಪುರಸುವಿನ ಜೇಬು ಖಾಲಿ,
ಕೇರಿಯಲ್ಲಿ ಬಲ್ಬು.
ಆ ಬೆಳಕಿಗೆ ಚೈನು ತಿರುಗಿಸಿ ಎಣಿಸಿದೆ:
ಮೂವತ್ತಾರರಲ್ಲಿ ಎರಡು ಹಲ್ಲು
ಅರವನ್ನೇ ಕಂಡಿಲ್ಲ.

ಮರೆಯುವವನಲ್ಲ ಇನಾಸ.
ಅರವನ್ನೂ ನನ್ನ ಚೀಲದಲ್ಲೇ ಬಿಟ್ಟು ಹೋಗಿದ್ದಾನೆ.