ಟೇಪಿನ ಈ ತುದಿ

ಟೇಪಿನ ಆ ತುದಿ ಸಜೀಷ್ ಸಾರ್ ಕೈಯಲ್ಲಿ,
ಈ ತುದಿ ನನ್ನ ಕೈಯಲ್ಲಿ.
ಅವರು ಪಯ್ಯನ್ನೂರಿನವರು, ಕನ್ನಡ ಬಾರದು.
ಪೂವಕ್ಕನಿಗೆ ತುಳು, ಕನ್ನಡ,
ಮೀನಿನವನ ಹತ್ತಿರ ಚೌಕಾಸಿಗೆ ಬೇಕಾದಷ್ಟು ಮಲಯಾಳ.
ನಡುವೆ ನಾನು, ದಿನಕ್ಕೆ ಆರುನೂರು,
ಅಳತೆಗೂ ಮಾತಿಗೂ ಸೇರಿ.

ಹೋದ ವರ್ಷವೂ ಇದೇ ಮನೆ ಅಳೆದಿದ್ದೆ,
ಆಗ ಹೆದ್ದಾರಿಯವರ ಕಡೆಯಿಂದ.
ಅಡಿಗಿಷ್ಟು ಎಂದು ಪರಿಹಾರ.
ಪೂವಕ್ಕ ಬೆಲ್ಲ ನೀರು ಕೊಟ್ಟು
"ಸರೀ ಎಳಿ ಮಾರಾಯ, ಜಿಪುಣತನ ಬೇಡ" ಅಂದಿದ್ದಳು.
ಎಳೆದೆ. ಮೆಟ್ಟಿಲೂ ಮನೆಯೊಳಗೆ ಬಂತು.
ಸಾವಿರದ ಎಂಬತ್ತನಾಲ್ಕು ಚದರ ಅಡಿ.
ಅದರಲ್ಲಿ ನೂರಮೂವತ್ತು ರಸ್ತೆಗೆ:
ಚಾವಡಿ, ಮತ್ತೆ ಇದಿನಬ್ಬನ ಪಂಚರ್ ಅಂಗಡಿಯ ಕೋಣೆ,
ತಿಂಗಳಿಗೆ ಎಂಟುನೂರು ಬಾಡಿಗೆ ಬರುತ್ತಿದ್ದದ್ದು.

ದುಡ್ಡು ಬಂತು. ದುಡ್ಡಿನ ಹಿಂದೆಯೇ
ಮದುವೆಗೂ ಬೊಜ್ಜಕ್ಕೂ ಬಾರದ
ಏಳು ಜನ ಪಾಲುದಾರರು ಬಂದರು.
ಉಳಿದದ್ದರಲ್ಲಿ ಮುರಿದ ಗೋಡೆ ಮುಚ್ಚಿ
ಹಿತ್ತಿಲಿಗೆ ಒಂದು ಶೀಟಿನ ಮಾಡು ಇಳಿಸಿದಳು.

ಈಗ ಅವಳ ಹೊಸ್ತಿಲಿನಿಂದ ಬೀಡಿ ಬ್ರಾಂಚು ಕಾಣುತ್ತದೆ,
ಮ್ಯಾನೇಜರ್ ಕೆಮ್ಮುವುದೂ ಕೇಳುತ್ತದೆ.
ತಲುಪಬೇಕಾದರೆ ಒಂದೂಕಾಲು ಕಿಲೋಮೀಟರ್ ತೆಂಕಕ್ಕೆ ಹೋಗಿ
ಸುರಂಗ ದಾಟಿ ಅಷ್ಟೇ ಬಡಗಕ್ಕೆ ಬರಬೇಕು.
ಮಂಗಳೂರಿಗೆ ಈಗ ನಲವತ್ತೇ ನಿಮಿಷವಂತೆ.
ಪೂವಕ್ಕನಿಗೆ ಬ್ರಾಂಚಿಗೆ ನಲವತ್ತು.

ಇವತ್ತು ಬಂದದ್ದು ರೇಷನ್ ಕಾರ್ಡಿನ ತನಿಖೆಗೆ.
ಸಾವಿರ ಅಡಿ ಮೀರಿದರೆ ಬಿಳಿ ಕಾರ್ಡು,
ಒಳಗಿದ್ದರೆ ಗುಲಾಬಿ, ಅಕ್ಕಿ ಉಂಟು, ಆಸ್ಪತ್ರೆಯ ಚೀಟಿ ಉಂಟು.
ಆಗ ದೊಡ್ಡದಾಗಬೇಕಿದ್ದ ಮನೆ
ಈಗ ಸಣ್ಣದಾಗಬೇಕು.
ಟೇಪು ಅದೇ. ನನ್ನ ಹೆಬ್ಬೆರಳೂ ಅದೇ.

"ಅವಕಾಶಂ ಉಂಡೆಂಗಿಲ್ ಅಪೇಕ್ಷ ಕೊಡುಕ್ಕಟ್ಟೆ" ಅಂದರು ಸಾರ್.
ಹಕ್ಕಿದ್ದರೆ ಅರ್ಜಿ ಕೊಡಲಿ, ಅಷ್ಟೆ.
ನಾನು ಬಾಯಿ ತೆರೆಯುವ ಮೊದಲೇ ಪೂವಕ್ಕ
ತನಗೆ ಕೇಳಿಸಿದ್ದಕ್ಕೆ ಉತ್ತರ ಕೊಟ್ಟಳು:
"ಅಪೇಕ್ಷೆ ಬೇಕಾದಷ್ಟು ಉಂಟು.
ಅವಕಾಶ ಎಲ್ಲಿ?"

ಸಾರ್ ನಕ್ಕರು, ಅರ್ಥವಾಗದೆ. ಕೆಟ್ಟ ಮನುಷ್ಯ ಅಲ್ಲ.
ಅವರ ಅಮ್ಮನೂ ಬೀಡಿ ಕಟ್ಟಿದವರು, ದಾರಿಯಲ್ಲಿ ಹೇಳಿದ್ದರು,
ಬೆರಳ ತುದಿಯ ವಾಸನೆ ಓಣಂ ಊಟಕ್ಕೂ ಹೋಗುತ್ತಿರಲಿಲ್ಲವಂತೆ.
ಆದರೆ ಕಾಗದದಲ್ಲಿ ಅಮ್ಮನಿಗೆ ಕಾಲಂ ಇಲ್ಲ.

ಅಳೆದೆವು. ಟ್ರೇಲರ್ ಹೋದಾಗಲೆಲ್ಲ ಟೇಪು ನಡುಗುತ್ತದೆ.
ಒಂಬೈನೂರ ಐವತ್ತನಾಲ್ಕು.
ಪೂವಕ್ಕನ ಮುಖ ಸ್ವಲ್ಪ ಸಡಿಲಾಯಿತು.
ಆಮೇಲೆ ಸಾರ್ ಹಿತ್ತಿಲ ಬಾಗಿಲು ತಳ್ಳಿದರು.
ಶೀಟಿನ ಮಾಡು: ಒಂಬತ್ತು ಅಡಿ, ಆರು ಅಡಿ.

ಕೂಡಿಸಲು ಅವರಿಗೆ ಮೊಬೈಲ್ ಬೇಕಾಯಿತು.
ಇಪ್ಪತ್ತೈದರ ಕಟ್ಟು ಎಣಿಸಿ ಎಣಿಸಿ ಪಳಗಿದ ಪೂವಕ್ಕ
ಚಾಪೆಯಲ್ಲಿ ಕೂತಲ್ಲಿಂದಲೇ,
ಕತ್ತರಿ ನಿಲ್ಲಿಸದೆ,
"ಸಾವಿರದ ಎಂಟು" ಅಂದಳು.

ಎಂಟು ಅಡಿ.
ನಾನು ಹೆಬ್ಬೆರಳು ನೋಡಿಕೊಂಡೆ.
ಮೂಲೆಯಲ್ಲಿ ಟೇಪನ್ನು ಒಂದಿಂಚು ಮಡಚಿದ್ದರೆ,
ಇನ್ನೊಂದು ಗೋಡೆಯಲ್ಲಿ ಇನ್ನೊಂದಿಂಚು.
ಹೋದ ವರ್ಷ ಎಳೆದವನಿಗೆ ಈ ವರ್ಷ ಮಡಚಲು
ಯಾಕೆ ಕೈ ಬರಲಿಲ್ಲ ಗೊತ್ತಿಲ್ಲ.
ಸಾರ್ ಎದುರಿಗೇ ನಿಂತಿದ್ದರು. ಅಷ್ಟೇ ಇರಬಹುದು.

ಪೂವಕ್ಕ ಎದ್ದಳು.
ಎಲೆ ತುಂಬಿದ ತಡ್ಪೆಯನ್ನು ಬದಿಗಿಟ್ಟು
ತಂಬಾಕಿನ ಪುಡಿ ಕೊಡವಿ ಚಾಪೆ ಸುತ್ತಿದಳು.
ನಾಲ್ಕಡಿ ಉದ್ದ, ಎರಡಡಿ ಅಗಲದ ಚಾಪೆ,
ಮೂವತ್ತು ವರ್ಷ ಕೂತು ನಡು ಸವೆದದ್ದು.
ಅದನ್ನು ಗೋಡೆಗೊರಗಿಸಿ,
ತಾನೂ ಗೋಡೆಗೆ ಅಂಟಿ ನಿಂತು,
"ಈಗ ಅಳೆಯಿರಿ ನೋಡುವ" ಅಂದಳು.

"ಎಂದಾ ಪರಞ್ಞದ್?" ಸಾರ್ ನನ್ನ ಕಡೆ ತಿರುಗಿದರು.

ಅವರ ಭಾಷೆಯಲ್ಲಿ ಅನುವಾದ ಅಂದರೆ ಅಪ್ಪಣೆ.
ನಮ್ಮದರಲ್ಲಿ ಅದು ನನ್ನ ಕೂಲಿ.
ಹೊರಗೆ ಒಂದು ಟ್ರೇಲರ್, ಅದರ ಮೇಲೆ
ಗಾಳಿಯಂತ್ರದ ಒಂದೇ ಒಂದು ರೆಕ್ಕೆ,
ಈ ಮನೆಯಂಥ ಮೂರು ಮನೆ ಉದ್ದ,
ಮುಗಿಯದೆ ಹಾದುಹೋಗುತ್ತಿತ್ತು.
ಅದು ಮುಗಿಯಲಿ ಸಾರ್, ಅಂದೆ,
ಏನೂ ಕೇಳಿಸುತ್ತಿಲ್ಲ.