ಬೊಡ್ಡೆ ಓದುವುದು

ರೋಣೂರಿನಾಚೆ ನೀಲಗಿರಿ ತೋಪು.
ಹುತ್ತದ ಕಡೆ ಬೀಳಬೇಕಿದ್ದ ನನ್ನ ಮೊದಲ ಮರ
ಬಿದ್ದದ್ದು ಪ್ಯಾರೇಜಾನ್ ಸಾಬರ ಮೊಪೆಡ್ಡಿನ ಮೇಲೆ.
ಸಾಬರು ಬೈಯಲಿಲ್ಲ.
ಸೀಟಿನ ಮೇಲಿನ ಎಲೆ ಕೊಡವಿ
ಸೊಟ್ಟಗಾದ ಕನ್ನಡಿ ಕಿತ್ತು ಜೇಬಿಗಿಳಿಸಿ
'ಮರ ಬಿಡು ಚೌಡಪ್ಪ, ಬೊಡ್ಡೆ ಹತ್ರ ಬಾ' ಅಂದರು.

ಕುಕ್ಕರಗಾಲಲ್ಲಿ ಕೂತು
ಮಗುವಿನ ಮುಖ ಒರೆಸುವಂತೆ
ಅಂಗೈಯಲ್ಲಿ ಹೊಟ್ಟು ಒರೆಸಿ
'ಓದು.'

ಏಳನೇ ಕ್ಲಾಸು ಎರಡು ಸಲ ಫೇಲಾದವನು ನಾನು.
ಓದೋಕೆ ಏನಿದೆ ಇಲ್ಲಿ,
ಹಸಿ ಮರ, ಶೀತಕ್ಕೆ ಹಚ್ಚೋ ಎಣ್ಣೆ ವಾಸನೆ.

'ಬಾಯಿ ನೋಡು ಮೊದಲು.
ಮೇಲಿನ ಕೊಯ್ತ ಕೆಳಗಿನ ಕೊಯ್ತ
ಮೂಲೇಲಿ ಸೇರಿ ನಿಲ್ಲಬೇಕಿತ್ತು, ಒಂದನ್ನೊಂದು ದಾಟಿವೆ.
ಬಾಯಿ ಪೂರಾ ಮುಚ್ಚಲಿಲ್ಲ, ಹಲ್ಲು ಕಚ್ಚಿಕೊಳ್ತು.
ಈಗ ಕೀಲು ನೋಡು, ಕಡೀದೆ ಬಿಡೋ ಮರ.
ಎಡಕ್ಕೆ ಮೂರು ಬೆರಳು ಬಿಟ್ಟಿದ್ದೀಯ, ಬಲಕ್ಕೆ ಒಂದು ಬೀಡಿ.
ಗಟ್ಟಿ ಹಿಡಕೊಂಡವರ ಕಡೇಗೇ ಅಲ್ವೇನೋ
ಯಾರಾದ್ರೂ ವಾಲೋದು?'

ಅಲ್ಲಿಂದ ದಿನಾ ಊಟಕ್ಕೆ ಮುಂಚೆ ಇದೇ ಪಾಠ.
ಒಂದರಲ್ಲಿ ಬೆನ್ನಿನ ಕೊಯ್ತ ಇಳಿಜಾರು.
ಒಂದರಲ್ಲಿ ಬೆಣೆ ಹೊಡೆಯದೆ
ಮಿಷನ್ನಿನ ನಾಲಿಗೆ ಒಳಗೇ ಸಿಕ್ಕಿ
ಇಬ್ಬರೂ ಒಂದು ಗಂಟೆ ಬೆವತೆವು.
ಒಂದಂತೂ ಬೀಳುವ ಬದಲು ಉದ್ದಕ್ಕೆ ಸೀಳಿ
ನನ್ನ ಗದ್ದದೆತ್ತರ ಒದ್ದು ನಿಂತಿತು,
ಆವತ್ತು ಸಾಬರು ಬೊಡ್ಡೆ ಓದಿಸಲಿಲ್ಲ,
ನೀರು ಕುಡಿಸಿದರು.

ಯಾವುದೋ ಒಂದರ ಮೇಲೆ ನಾರು
ಈ ತುದಿಯಿಂದ ಆ ತುದಿಗೆ ಒಂದೇ ಸಮ,
ಬಾಚಣಿಗೆಯ ಹಲ್ಲಿನ ಹಾಗೆ.
ಕರೆದು ತೋರಿಸಿದೆ.
ಎಲೆಯಡಿಕೆ ಉಗಿದು ಮುಂದೆ ಹೋದರು.
ರಾತ್ರಿ ಹೆಂಡತಿಗೆ ಹೇಳಿದೆ, ಇವತ್ತು ಹೊಗಳಿದರು ಕಣೆ.

ಎರಡು ತಿಂಗಳಿಗೆ ತೋಪೆಲ್ಲ ಚಿಗುರು.
ಬೂದು ಬಣ್ಣದ ಎಳೆ ಎಲೆ
ನನ್ನ ತಪ್ಪುಗಳನ್ನೆಲ್ಲ ಮುಚ್ಚಿ ಹಾಕಿದ್ದು ಕಂಡು
ಒಳಗೊಳಗೇ ಹಿಗ್ಗಿದೆ.
ಸಾಬರು ಕೋಲಿನಿಂದ ಚಿಗುರು ಸರಿಸಿ
'ಎಲ್ಲೂ ಹೋಗಿಲ್ಲ, ಇಲ್ಲೇ ಇದೆ.'

ಕೆರೆ ಏರಿಯ ಕೆಳಗೆ ಹಳೇ ಹುಣಸೆ ಬೊಡ್ಡೆ.
ನಾಲ್ಕು ಜನ ಕೂತು ಉಣ್ಣುವಷ್ಟು ಅಗಲ,
ಕಪ್ಪಗಾಗಿ ಇರುವೆ ಕಟ್ಟಿದೆ.
ಡಬ್ಬಿ ಇಟ್ಟು ಕೂತೆವು.
ರೂಢಿಯಾಗಿತ್ತಲ್ಲ, ಕೈ ತಾನೇ ಧೂಳು ಒರೆಸಿತು,
ಜಾಣ ಹುಡುಗನ ಹಾಗೆ ಗಟ್ಟಿಯಾಗಿ ಓದಿದೆ:
'ಬಾಯಿ ಆಳ ಸಾಲದು.
ಬೆನ್ನು ಕೊಯ್ತ ಬಾಯಿಗಿಂತ ಕೆಳಗಿದೆ.
ಕೀಲೇ ಇಲ್ಲ ಸಾಬ್ರೆ, ಪೂರಾ ಕೊಯ್ದುಬಿಟ್ಟವನೆ.
ಮರ ಹಿಂದಕ್ಕೆ ಕೂತಿದೆ, ಕಡಿದವನ ಮೇಲೇ.
ಯಾವನೋ ಏನೂ ಕಲೀದೆ ಮಿಷನ್ ಹಿಡಿದೋನು...'

ಮುಚ್ಚಳದ ಮೇಲಿದ್ದ ಅವರ ಕೈ ಅಲ್ಲೇ ನಿಂತಿತ್ತು.
ಯಾವತ್ತೂ ಅಡ್ಡಡ್ಡ ಬೀಳುವ ಅವರ ಎಡಗಾಲು
ಚಪ್ಪಲಿಯ ಒಳಗೆ ಸುಮ್ಮನಿತ್ತು.
ನಾನು ಬಾಯಿ ಮುಚ್ಚಿದೆ.

'ಇನ್ನೊಂದು ಸಾಲಿದೆ' ಅಂದರು.

ತಡಕಿದೆ. ಇರುವೆ ಕಚ್ಚಿತು.
ಹಿಂಬದಿಯ ಬಿರುಕಲ್ಲಿ ಒಂದು ಕಬ್ಬಿಣದ ಬೆಣೆ,
ಅರ್ಧ ಇಳಿದದ್ದು, ತುಕ್ಕು ತಿಂದು ಮರದ ಬಣ್ಣವೇ ಆದದ್ದು.
'ತಡವಾಗಿ ಹೊಡೆದದ್ದು' ಅಂದೆ, ಮೆಲ್ಲಗೆ.
'ಹೊಡೆದವನು ನಾನಲ್ಲ' ಅಂದರು.

ಆಮೇಲೆ ಡಬ್ಬಿ ಬಿಚ್ಚಿದರು.
ಮುದ್ದೆ, ಹುಣಸೆ ಚಿಗುರಿನ ಬೇಳೆ.
ಹುಳಿ ಹದವಾಗಿತ್ತು. ಉಂಡೆವು.

ಮಧ್ಯಾಹ್ನದ ಮರಕ್ಕೆ ನಾನು
ಕೀಲು ಒಂದು ಬೆರಳು ಹೆಚ್ಚೇ ಬಿಟ್ಟೆ.
ಮರ ಅರ್ಧಕ್ಕೆ ಬಾಗಿ
ಬೀಳಲಾರದೆ ನಿಲ್ಲಲಾರದೆ ಕರಕರ ಅಂದಿತು.
ಸಾಬರು ತಲೆಯೆತ್ತಿ ತುದಿ ನೋಡಿದರು.
'ಅದೂ ತಪ್ಪೇ' ಅಂದು
ಬೆಣೆ ತೆಗೆದು ನನ್ನ ಕೈಗಿಟ್ಟರು.